ಪ್ರಾಜೆಕ್ಟ್‌ನಲ್ಲಿ ಮಗಳ ಪಾಲಿಗೆ ಬಂದ ಕೆಲಸ ಯಾವುದು?

ಪ್ರಶ್ನೆ: ನಾವು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ದೊಡ್ಡ ಮಗಳು ಪುಣೆಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾಳೆ. ಅಂಕಗಳು ಚೆನ್ನಾಗಿವೆ. ಆದರೆ ನಾಲ್ವರ ಪ್ರಾಜೆಕ್ಟ್ ಗುಂಪಿನಲ್ಲಿ ಕೋಡ್ ಬರೆಯುವುದೆಲ್ಲ ಹುಡುಗರದ್ದು, ರಿಪೋರ್ಟ್ ಮತ್ತು ಪಿಪಿಟಿ ಇವಳದ್ದು. ಹಾಸ್ಟೆಲ್‌ಗೆ ರಾತ್ರಿ ಒಂಬತ್ತರೊಳಗೆ ಮರಳಬೇಕು, ರೊಬೊಟಿಕ್ಸ್ ಕ್ಲಬ್ಬಿನ ಕೆಲಸ ಶುರುವಾಗುವುದೇ ಆಮೇಲೆ. ಒಬ್ಬ ಅಧ್ಯಾಪಕರು ತರಗತಿಯಲ್ಲೇ ‘ಲೇಡೀಸ್ ಕೋಟಾದಲ್ಲಿ ಬಂದವರಿಗೆ ಇದು ಕಷ್ಟವೇ’ ಎಂದರಂತೆ. ಈಗ ಅವಳು ಈ ವಿಷಯ ತನಗೆ ಒಗ್ಗುವುದಿಲ್ಲ, ಡಿಗ್ರಿ ಮುಗಿಸಿ ಎಂಬಿಎ ಮಾಡುತ್ತೇನೆ ಎನ್ನುತ್ತಿದ್ದಾಳೆ. ನಮ್ಮ ಯಜಮಾನರು ‘ಎಲ್ಲ ಕಡೆಯೂ ಹೀಗೇ, ಹೊಂದಿಕೊಂಡು ಹೋಗಲಿ’ ಎನ್ನುತ್ತಾರೆ. ಇದು ತಾರತಮ್ಯವೋ, ಮಗಳ ಅಳುಕೋ? ದೂರು ಕೊಡಬೇಕೇ? ಹನ್ನೆರಡನೆಯ ತರಗತಿಯಲ್ಲಿರುವ ಚಿಕ್ಕವಳನ್ನು ಹುಡುಗಿಯರ ಕಾಲೇಜಿಗೇ ಸೇರಿಸುವುದು ಒಳ್ಳೆಯದೇ?
ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು, ಮಗಳ ಅಂಕಗಳು ಚೆನ್ನಾಗಿವೆ ಎಂಬ ಮಾತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹುಡುಗಿಯರಿಗೆ ಆಗುವ ಅನ್ಯಾಯದ ಮಾತೆತ್ತಿದಾಗಲೆಲ್ಲ ಆಡಳಿತದವರು ಮುಂದಿಡುವುದು ಅಂಕಪಟ್ಟಿಯನ್ನೇ. ಮೊದಲ ಸ್ಥಾನಗಳಲ್ಲಿ ಹುಡುಗಿಯರೇ ಇದ್ದಾರಲ್ಲ, ತಾರತಮ್ಯ ಎಲ್ಲಿದೆ ಎಂದು ಅವರು ಕೇಳುತ್ತಾರೆ. ತಾರತಮ್ಯ ಇದೆ, ಆದರೆ ಅಂಕಪಟ್ಟಿಯಲ್ಲಿ ಕಾಣುವಂಥದ್ದಲ್ಲ. ಪ್ರಯೋಗಾಲಯದ ಒಂದು ಮೇಜಿನ ಸುತ್ತ ಮೂವರೋ ನಾಲ್ವರೋ ನಿಂತಿರುವಾಗ ಕೀಬೋರ್ಡ್ ಯಾರ ಮುಂದಿದೆ, ವೈರ್ ಜೋಡಿಸುತ್ತಿರುವವರು ಯಾರು, ರೀಡಿಂಗ್ ಬರೆದುಕೊಳ್ಳುತ್ತಿರುವವರು ಯಾರು, ಸಂಜೆಯ ನಂತರ ಲ್ಯಾಬಿನಲ್ಲಿ ಉಳಿಯಲು ಯಾರಿಗೆ ಅನುಮತಿ ಇದೆ ಎಂದು ನೋಡಿದರೆ ಅದು ಕಾಣುತ್ತದೆ. ಕೆಲಸದ ಹಂಚಿಕೆ ಮತ್ತು ಹೊತ್ತಿನ ಹಂಚಿಕೆ, ಈ ಎರಡರಲ್ಲಿಯೂ ನಿಮ್ಮ ಮಗಳಿಗೆ ಕಡಿಮೆ ಪಾಲು ಬಂದಿದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ, ಇದು ತಾರತಮ್ಯವೇ ಹೌದು. ಅವಳ ಅಳುಕು ಅದರಿಂದ ಹುಟ್ಟಿದ್ದು.

ಪುಣೆಯಲ್ಲಿ ಬಹುಕಾಲ ಪಾಠ ಮಾಡಿ, ಬೇರೆ ಕಾಲೇಜುಗಳಿಗೆ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಆಗಿ ಓರಲ್ಸ್‌ಗೆ (ಮೌಖಿಕ ಪರೀಕ್ಷೆಗೆ) ಹೋಗಿ ಕುಳಿತವರೆಲ್ಲರಿಗೂ ಪರಿಚಿತವಾದ ಒಂದು ಸಂಗತಿಯನ್ನು ಹೇಳುತ್ತೇನೆ. ಗುಂಪು ಒಳಗೆ ಬರುತ್ತದೆ, ಹುಡುಗಿ ಮುಂದೆ ನಿಂತು ಬ್ಲಾಕ್ ಡಯಾಗ್ರಾಮ್ ಅನ್ನು ಸೊಗಸಾಗಿ ವಿವರಿಸುತ್ತಾಳೆ. ಪ್ರೋಗ್ರಾಮಿನ ಒಂದು ಸಾಲು ಬದಲಿಸಿ ತೋರಿಸಮ್ಮಾ ಎಂದ ಕೂಡಲೇ ಅವಳ ಕಣ್ಣು ಪಕ್ಕದ ಹುಡುಗನತ್ತ ಹೋಗುತ್ತದೆ. ಅವಳಿಗೆ ಅದು ಅರ್ಥವಾಗದೆ ಅಲ್ಲ, ಆ ಫೈಲನ್ನು ಅವಳು ಎಂದೂ ತೆರೆದಿಲ್ಲ. ಗುಂಪು ಕಟ್ಟುವ ದಿನವೇ ‘ನಿನ್ನ ಇಂಗ್ಲಿಷ್ ಚೆನ್ನಾಗಿದೆ, ರಿಪೋರ್ಟ್ ನೀನೇ ಬರೆ’, ‘ನೀನು ಚೆನ್ನಾಗಿ ಮಾತಾಡುತ್ತೀಯ, ಪ್ರೆಸೆಂಟೇಷನ್ ನಿನಗೇ’ ಎಂಬ ಹೊಗಳಿಕೆಯ ರೂಪದಲ್ಲಿ ಆ ಹಂಚಿಕೆ ನಡೆದುಹೋಗಿರುತ್ತದೆ. ಹೊಗಳಿಕೆಯನ್ನು ಯಾರು ತಾನೇ ಬೇಡವೆನ್ನುತ್ತಾರೆ? ಟರ್ಮ್‌ವರ್ಕ್ ಅಂಕಗಳು ನಾಲ್ವರಿಗೂ ಹೆಚ್ಚುಕಡಿಮೆ ಒಂದೇ ಬರುವುದರಿಂದ ನಷ್ಟ ಆಗಲೇ ತಿಳಿಯುವುದಿಲ್ಲ. ಇಂಟರ್ನ್‌ಶಿಪ್ ಅಥವಾ ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ‘ಇದರಲ್ಲಿ ನೀವು ಬರೆದ ಭಾಗ ಯಾವುದು’ ಎಂದು ಕೇಳಿದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಎರಡು ಮೂರು ವರ್ಷಗಳ ಕೈಕೆಲಸ ಹುಡುಗರ ಪಾಲಾಗಿರುತ್ತದೆ, ಹುಡುಗಿ ತನ್ನಲ್ಲಿಯೇ ಏನೋ ಕೊರತೆ ಇದೆ ಎಂದು ನಂಬತೊಡಗಿರುತ್ತಾಳೆ.

ಒಳ್ಳೆಯ ಉದ್ದೇಶದ ನಿಯಮಗಳೂ ಕೆಲವೊಮ್ಮೆ ಇದೇ ಹಳ್ಳಕ್ಕೆ ಬೀಳುತ್ತವೆ. 2017ರಿಂದ ನಡೆಯುತ್ತಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಎಂಬ ವಿದ್ಯಾರ್ಥಿಗಳ ತಂತ್ರಜ್ಞಾನ ಸ್ಪರ್ಧೆಯಲ್ಲಿ ಆರು ಜನರ ತಂಡದಲ್ಲಿ ಕನಿಷ್ಠ ಒಬ್ಬ ಹುಡುಗಿ ಇರಲೇಬೇಕು. ನಿಯಮ ಸರಿಯಾದದ್ದೇ. ಆದರೆ ಅನೇಕ ತಂಡಗಳು ಐದು ಹುಡುಗರನ್ನು ಮೊದಲು ಸೇರಿಸಿಕೊಂಡು, ನೋಂದಣಿಯ ಕೊನೆಯ ದಿನ ‘ಒಬ್ಬ ಹುಡುಗಿ ಬೇಕಲ್ಲ’ ಎಂದು ಹುಡುಕಾಡುತ್ತವೆ. ಹಾಗೆ ಬಂದವಳಿಗೆ ಸಿಗುವುದು ಮತ್ತೆ ಪಿಪಿಟಿಯೇ. ತಂಡದಲ್ಲಿ ಹುಡುಗಿ ಇರಬೇಕೆಂದು ಹೇಳುವ ನಿಯಮ ಅವಳ ಕೈಗೆ ಯಾವ ಕೆಲಸ ಬರಬೇಕೆಂದು ಹೇಳುವುದಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಗೈಡ್ (ಪ್ರಾಜೆಕ್ಟಿನ ಮಾರ್ಗದರ್ಶಕ ಅಧ್ಯಾಪಕರು), ಮತ್ತು ಹೆಚ್ಚಿನ ಗೈಡ್‌ಗಳು ಅತ್ತ ಗಮನ ಕೊಡುವುದಿಲ್ಲ.

‘ಈ ವಿಷಯ ನನಗೆ ಒಗ್ಗುವುದಿಲ್ಲ’ ಎಂಬ ನಿಮ್ಮ ಮಗಳ ಮಾತಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದೇ ಮಾತನ್ನು ಬೇರೆ ದೇಶದ ಹುಡುಗಿಯರೂ ಆಡಿದ್ದಾರೆ ಮತ್ತು ಅದನ್ನು ಗಂಭೀರವಾಗಿ ಅಧ್ಯಯನ ಮಾಡಲಾಗಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗಕ್ಕೆ 1995ರಲ್ಲಿ ಹೊಸದಾಗಿ ಸೇರಿದವರಲ್ಲಿ ಹುಡುಗಿಯರು ಶೇ 7 ಮಾತ್ರ ಇದ್ದರು. ಸಂಶೋಧಕರಾದ ಜೇನ್ ಮಾರ್ಗೊಲಿಸ್ ಮತ್ತು ಅಲನ್ ಫಿಷರ್ ಅಲ್ಲಿನ ವಿದ್ಯಾರ್ಥಿಗಳೊಡನೆ ಹಲವು ವರ್ಷ ಮಾತನಾಡಿ ಕಂಡುಕೊಂಡದ್ದೇನೆಂದರೆ, ಬಿಟ್ಟು ಹೋಗಬೇಕೆಂದ ಹುಡುಗಿಯರಲ್ಲಿ ಮೊದಲು ಕುಸಿದದ್ದು ಆತ್ಮವಿಶ್ವಾಸ, ಆಸಕ್ತಿ ಕುಂದಿದ್ದು ಆಮೇಲೆ. ಚಿಕ್ಕಂದಿನಿಂದಲೇ ಕಂಪ್ಯೂಟರ್ ಬಿಚ್ಚಿ ಜೋಡಿಸಿ ಆಡಿದ ಹುಡುಗರನ್ನು ನೋಡಿ, ಅವರ ಅನುಭವವನ್ನೇ ಪ್ರತಿಭೆ ಎಂದು ಹುಡುಗಿಯರೂ ಅಧ್ಯಾಪಕರೂ ತಿಳಿದುಬಿಡುತ್ತಿದ್ದರು. ವಿಶ್ವವಿದ್ಯಾಲಯವು ಪ್ರವೇಶಕ್ಕೆ ಮೊದಲಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ಮಹತ್ವವನ್ನು ತೆಗೆದು, ಹೊಸಬರಿಗೂ ಅನುಭವಿಗಳಿಗೂ ಬೇರೆ ಬೇರೆ ಆರಂಭದ ತರಗತಿಗಳನ್ನು ಮಾಡಿದ ಮೇಲೆ, 2000ದಲ್ಲಿ ಸೇರಿದವರಲ್ಲಿ ಹುಡುಗಿಯರ ಪಾಲು ಶೇ 42ಕ್ಕೆ ಏರಿತು. ಅಮೆರಿಕದ್ದೇ ಆದ ಹಾರ್ವೆ ಮಡ್ ಎಂಬ ಚಿಕ್ಕ ಕಾಲೇಜಿನಲ್ಲಿಯೂ 2006ರ ನಂತರದ ಕೆಲವೇ ವರ್ಷಗಳಲ್ಲಿ ಶೇ 10ರಷ್ಟಿದ್ದ ಪ್ರಮಾಣ ಶೇ 40ರ ಹತ್ತಿರ ಬಂತು. ಅಲ್ಲಿಯೂ ಮುಖ್ಯವಾಗಿ ಮಾಡಿದ್ದು ಮೊದಲ ಕೋರ್ಸನ್ನು ಬದಲಿಸಿದ್ದು ಮತ್ತು ಮೊದಲೇ ಕಲಿತು ಬಂದವರು ತರಗತಿಯಲ್ಲಿ ಮಾತಿನಿಂದ ಮೆರೆಯದಂತೆ ಅವರನ್ನು ಪ್ರತ್ಯೇಕ ತರಗತಿಯಲ್ಲಿ ಕೂರಿಸಿದ್ದು. ಎರಡೂ ಕಡೆ ಬದಲಾದದ್ದು ಸಂಸ್ಥೆಯ ಏರ್ಪಾಡು. ಹುಡುಗಿಯರು ಹೊಂದಿಕೊಳ್ಳಲಿ ಎಂದು ಯಾರೂ ಕೈಕಟ್ಟಿ ಕೂರಲಿಲ್ಲ.

ನಮ್ಮ ದೇಶದ ಚಿತ್ರ ಸ್ವಲ್ಪ ಬೇರೆ. 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಪದವಿ ಹಂತದ ವಿಜ್ಞಾನ ವಿಷಯಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಹುಡುಗಿಯರು, ಎಂಜಿನಿಯರಿಂಗ್‌ನಲ್ಲಿ ಅವರು ಸುಮಾರು ಶೇ 29. ಗಣಿತ, ಭೌತಶಾಸ್ತ್ರ ಹುಡುಗಿಯರ ತಲೆಗೆ ಹತ್ತುವುದಿಲ್ಲ ಎನ್ನುವವರು ಬಿಎಸ್‌ಸಿ ತರಗತಿಗಳತ್ತ ಒಮ್ಮೆ ನೋಡಿದರೆ ಸಾಕು. ವ್ಯತ್ಯಾಸ ಹುಟ್ಟುವುದು ಕೋಚಿಂಗ್‌ಗೆ ಯಾರ ಮೇಲೆ ಹಣ ಹಾಕುತ್ತೇವೆ, ಒಂದು ವರ್ಷ ಡ್ರಾಪ್ ಮಾಡಿ ಮತ್ತೆ ಪರೀಕ್ಷೆ ಬರೆಯಲು ಯಾರಿಗೆ ಅವಕಾಶ ಕೊಡುತ್ತೇವೆ, ದೂರದ ಊರಿಗೆ ಯಾರನ್ನು ಕಳಿಸುತ್ತೇವೆ ಎಂಬ ಮನೆಯೊಳಗಿನ ತೀರ್ಮಾನಗಳಲ್ಲಿ. ಎಂಜಿನಿಯರಿಂಗ್‌ನ ಒಳಗೂ ಕಂಪ್ಯೂಟರ್ ವಿಭಾಗದಲ್ಲಿ ಹುಡುಗಿಯರು ಹೆಚ್ಚು, ಮೆಕ್ಯಾನಿಕಲ್‌ನಲ್ಲಿ ಬೆರಳೆಣಿಕೆಯಷ್ಟು. ಎಸಿ ಕೋಣೆಯಲ್ಲಿ ಕುಳಿತು ಮಾಡುವ ಕೆಲಸ, ಮದುವೆಯ ಬಯೋಡೇಟಾಕ್ಕೂ ಒಪ್ಪುತ್ತದೆ ಎಂಬ ನಮ್ಮವರ ಲೆಕ್ಕಾಚಾರ ಇದರ ಹಿಂದಿದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲಾದರೋ 1984ರ ಸುಮಾರಿಗೆ ಕಂಪ್ಯೂಟರ್ ವಿಜ್ಞಾನದ ಪದವೀಧರರಲ್ಲಿ ಶೇ 37ರಷ್ಟಿದ್ದ ಮಹಿಳೆಯರು ಮುಂದೆ ಶೇ 18ರ ಆಸುಪಾಸಿಗೆ ಇಳಿದರು. ಮಿದುಳು ಕಾಲು ಶತಮಾನದಲ್ಲಿ ಅರ್ಧವಾಗುವ ವಸ್ತುವಲ್ಲವಷ್ಟೆ.

ಇನ್ನು ‘ಲೇಡೀಸ್ ಕೋಟಾ’ದ ಮಾತು. ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶದ ಕ್ಯಾಪ್ (ರಾಜ್ಯದ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆ) ಸುತ್ತುಗಳಲ್ಲಿ ಹುಡುಗಿಯರಿಗೆ ಶೇ 30ರಷ್ಟು ಸೀಟುಗಳಿವೆ. ಐಐಟಿಗಳಲ್ಲಿ ಹುಡುಗಿಯರು ಶೇ 8ರಷ್ಟೇ ಇದ್ದುದರಿಂದ 2018ರಲ್ಲಿ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿ, ಮೊದಲ ವರ್ಷ ಶೇ 14, 2020ರ ಹೊತ್ತಿಗೆ ಶೇ 20 ಎಂದು ಗುರಿ ಇಟ್ಟುಕೊಂಡರು. ಅಲ್ಲಿ ಹುಡುಗರ ಒಂದು ಸೀಟೂ ಕಡಿಮೆಯಾಗಲಿಲ್ಲ, ಆದರೂ ಮೂದಲಿಕೆ ಮಾತ್ರ ತಪ್ಪಲಿಲ್ಲ. ಒಳಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ಒಂದೇ, ಪಾಸಾಗುವ ಅಂಕವೂ ಒಂದೇ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಪಡೆದ ಹುಡುಗನಿಗೆ ‘ನಿನಗೆ ಇದು ಕಷ್ಟವೇ’ ಎಂದು ಯಾವ ಅಧ್ಯಾಪಕರೂ ತರಗತಿಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಮುಂಬಯಿ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ಸಿ. ವಿ. ರಾಮನ್ ಅವರು ಮೊದಲು ನಿರಾಕರಿಸಿ, ಆಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. ಅದೇ ಕಮಲಾ ಅವರು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದು, ಮುಂದೆ ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು. ಅಂದಿನ ಪರೀಕ್ಷಾವಧಿಗೆ ಒಂದು ವರ್ಷದ ಮಿತಿಯಾದರೂ ಇತ್ತು. ‘ಲೇಡೀಸ್ ಕೋಟಾ’ ಎಂಬ ಹಣೆಪಟ್ಟಿ ಹಚ್ಚಿದರೆ ನಾಲ್ಕು ವರ್ಷವೂ ಪರೀಕ್ಷಾವಧಿಯೇ.

ಅಧ್ಯಾಪಕಿಯರು ಹೆಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2012ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಒಂದೇ ಅರ್ಜಿಯನ್ನು, ಕೆಲವರಿಗೆ ಗಂಡಿನ ಹೆಸರಿನಲ್ಲಿ, ಕೆಲವರಿಗೆ ಹೆಣ್ಣಿನ ಹೆಸರಿನಲ್ಲಿ ಕಳಿಸಲಾಯಿತು. ಗಂಡಿನ ಹೆಸರಿದ್ದ ಅರ್ಜಿಗೆ ಹೆಚ್ಚು ಸಾಮರ್ಥ್ಯವಿದೆ ಎಂಬ ಅಭಿಪ್ರಾಯವೂ ಹೆಚ್ಚಿನ ಸಂಬಳದ ಸೂಚನೆಯೂ ಬಂದವು, ಮತ್ತು ಹಾಗೆ ಮಾಡುವುದರಲ್ಲಿ ಪ್ರಾಧ್ಯಾಪಕಿಯರು ಪುರುಷರಿಗಿಂತ ಹಿಂದೆ ಬೀಳಲಿಲ್ಲ. ಆದ್ದರಿಂದ ಎಚ್‌ಒಡಿ (ವಿಭಾಗದ ಮುಖ್ಯಸ್ಥೆ) ಮೇಡಂ ಇದ್ದಾರೆ, ಅವರಿಗೆ ತಾನಾಗಿಯೇ ಅರ್ಥವಾಗುತ್ತದೆ ಎಂದು ಕಾಯಬೇಡಿ. ಅವರಿಗೂ ಲಿಖಿತವಾಗಿ, ಉದಾಹರಣೆ ಸಹಿತ ತಿಳಿಸಬೇಕು.

ಹಾಸ್ಟೆಲ್ ಸಮಯದ ವಿಚಾರದಲ್ಲಿ ನಿಮ್ಮ ಕೈಯಲ್ಲಿ ನೀವು ತಿಳಿದಿರುವುದಕ್ಕಿಂತ ಹೆಚ್ಚಿನ ಬಲವಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2015ರಲ್ಲಿ ಹೊರಡಿಸಿದ, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯುವ ನಿಯಮಾವಳಿಯಲ್ಲಿ, ಸುರಕ್ಷತೆಯ ಕಾರಣ ಹೇಳಿ ಹುಡುಗಿಯರ ಹಾಸ್ಟೆಲ್‌ಗಳಿಗೆ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹೇರಬಾರದೆಂದು ಸ್ಪಷ್ಟವಾಗಿಯೇ ಇದೆ. ಹಾಸ್ಟೆಲ್ಲಿನ ಮೇಲ್ವಿಚಾರಕರಾದ ರೆಕ್ಟರ್ ಅವರನ್ನು ಕೇಳಿದರೆ ಅವರು ಸಾಮಾನ್ಯವಾಗಿ ಕೊಡುವ ಉತ್ತರ, ‘ಪಾಲಕರೇ ಹೀಗೆ ಕೇಳಿದ್ದಾರೆ’ ಎಂಬುದು. ಅದು ಸುಳ್ಳೂ ಅಲ್ಲ. ಪ್ರವೇಶದ ದಿನ ನಾವೇ ಸಹಿ ಮಾಡಿ ಕೊಟ್ಟ ಒಪ್ಪಿಗೆ ಪತ್ರ ಅವರ ಫೈಲಿನಲ್ಲಿರುತ್ತದೆ. ಹಾಗಾಗಿ ಈ ವಿಚಾರದಲ್ಲಿ ಮಗಳ ಅರ್ಜಿಗಿಂತ ಪಾಲಕರ ಪತ್ರಕ್ಕೆ ತೂಕ ಹೆಚ್ಚು. ಅದೇ ಹಾಸ್ಟೆಲ್ಲಿನ ಬೇರೆ ಹುಡುಗಿಯರ ತಂದೆತಾಯಿಯರನ್ನೂ ಸೇರಿಸಿಕೊಂಡು, ಗೈಡ್ ಅಥವಾ ಕ್ಲಬ್ಬಿನ ಉಸ್ತುವಾರಿ ಅಧ್ಯಾಪಕರ ಸಹಿಯಿದ್ದರೆ ಲ್ಯಾಬಿನಿಂದ ತಡವಾಗಿ ಮರಳಲು ಅನುಮತಿ ಕೊಡಬೇಕು, ಕ್ಯಾಂಪಸ್ಸಿನೊಳಗೆ ದೀಪವೂ ಕಾವಲೂ ಇರಬೇಕು, ಅದು ಆಗದಿದ್ದರೆ ಕ್ಲಬ್ಬಿನ ಕೆಲಸವನ್ನೇ ಸಂಜೆ ಐದರಿಂದ ಎಂಟೂವರೆಗೆ ತರಬೇಕು ಎಂದು ಬರೆಯಿರಿ. ಕೊನೆಯ ಸಲಹೆಯನ್ನು ಕಾಲೇಜುಗಳು ಬೇಗ ಒಪ್ಪುತ್ತವೆ, ಏಕೆಂದರೆ ಅದಕ್ಕೆ ಖರ್ಚಿಲ್ಲ. ರಾತ್ರಿಯೇ ಕೆಲಸ ಮಾಡಬೇಕೆಂಬುದು ಎಷ್ಟೋ ಸಲ ಹುಡುಗರ ಅಭ್ಯಾಸವೇ ಹೊರತು ರೊಬೊಟಿನ ಅಗತ್ಯವೇನೂ ಅಲ್ಲ.

ದೂರಿನ ಬಗ್ಗೆ ಹೇಳುವುದಾದರೆ, ಯಾವ ದೂರು ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲು ತಿಳಿಯಬೇಕು. ಲೈಂಗಿಕ ಸ್ವರೂಪದ ಮಾತು, ಸ್ಪರ್ಶ, ಸಂದೇಶ, ಬೆದರಿಕೆ ಇವೆಲ್ಲ ಕಾಲೇಜಿನ ಆಂತರಿಕ ಸಮಿತಿಗೆ ಹೋಗಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ವಿಚಾರಣೆಯ ಅವಧಿಯಲ್ಲಿ ಆ ಅಧ್ಯಾಪಕರು ದೂರುದಾರಳ ಪರೀಕ್ಷೆ, ಪ್ರಾಜೆಕ್ಟ್‌ಗಳ ಮೌಲ್ಯಮಾಪನ ಮಾಡದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ನಿಮ್ಮ ಮಗಳು ಕೇಳಿದ ಕೋಟಾದ ಮಾತು ಮಾತ್ರ ನನ್ನ ಅಭಿಪ್ರಾಯದಲ್ಲಿ ಈ ಸಮಿತಿಯದ್ದಲ್ಲ, ಯುಜಿಸಿಯ 2023ರ ನಿಯಮಗಳಂತೆ ಇರಬೇಕಾದ ವಿದ್ಯಾರ್ಥಿ ಕುಂದುಕೊರತೆ ಸಮಿತಿಯದ್ದು. ಮಹಿಳೆಯರ ವಿರುದ್ಧದ ತಾರತಮ್ಯವೂ ಅದರ ವ್ಯಾಪ್ತಿಯಲ್ಲಿದೆ. ದೂರು ಬಂದ 15 ಕೆಲಸದ ದಿನಗಳೊಳಗೆ ಆ ಸಮಿತಿ ವರದಿ ಕೊಡಬೇಕು, ಸಮಾಧಾನವಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ (ದೂರುಗಳ ಮೇಲ್ಮನವಿ ಕೇಳುವ ಅಧಿಕಾರಿ) ಅವರಿಗೆ ಮೇಲ್ಮನವಿ ಸಲ್ಲಿಸಬಹುದು.

ಹಾಗೆಂದು ಒಂದೇ ಮಾತಿಗೆ ನೇರವಾಗಿ ಅಲ್ಲಿಗೇ ಹೋಗಿ ಎಂದು ನಾನು ಹೇಳುವುದಿಲ್ಲ. ಇಂಟರ್ನಲ್ ಅಂಕಗಳ ಭಯ ಬರೀ ಕಲ್ಪನೆಯದ್ದಲ್ಲ, ಅದನ್ನು ನಾನು ತಳ್ಳಿಹಾಕಲಾರೆ. ಮೊದಲು ಅಂದು ತರಗತಿಯಲ್ಲಿದ್ದ ನಾಲ್ಕೈದು ಹುಡುಗಿಯರು ಒಟ್ಟಾಗಿ ಎಚ್‌ಒಡಿಯನ್ನು ಭೇಟಿಯಾಗಲಿ. ಯಾವ ದಿನ, ಯಾವ ತರಗತಿ, ಯಾವ ಮಾತು ಎಂದು ಹೇಳಿ, ಅಂದೇ ಸಂಜೆ ‘ಇಂದು ನಿಮ್ಮೊಡನೆ ಮಾತನಾಡಿದ ವಿಷಯ’ ಎಂದು ಚಿಕ್ಕ ಇಮೇಲ್ ಕಳಿಸಲಿ. ಬಾಯಿಮಾತು ಮರೆತುಹೋಗುತ್ತದೆ, ಇಮೇಲಿನಲ್ಲಿ ತಾರೀಖು ಉಳಿಯುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಮಾತು ಅಷ್ಟಕ್ಕೇ ನಿಲ್ಲುತ್ತದೆ. ಮತ್ತೆ ನಡೆದರೆ ಆ ಇಮೇಲ್ ಸಮಿತಿಯ ಮುಂದಿಡುವ ಮೊದಲ ಕಾಗದವಾಗುತ್ತದೆ.

ಪ್ರಾಜೆಕ್ಟ್ ಗುಂಪಿನ ವಿಚಾರಕ್ಕೆ ದೂರೇ ಬೇಕಿಲ್ಲ, ಏರ್ಪಾಡು ಬೇಕು. ಟಿಇ (ಮೂರನೆಯ ವರ್ಷ) ಮುಗಿಯುವ ಮೊದಲೇ ಬಿಇ (ಕೊನೆಯ ವರ್ಷದ) ಪ್ರಾಜೆಕ್ಟ್‌ಗೆ ಗುಂಪು ಕಟ್ಟುವ ಮಾತು ಆರಂಭವಾಗುತ್ತದೆ, ನಿಮ್ಮ ಮಗಳಿಗೆ ಇದೇ ಸರಿಯಾದ ಸಮಯ. ಯಾರೋ ಕರೆಯಲಿ ಎಂದು ಕಾಯದೆ ಅವಳೇ ವಿಷಯ ಆರಿಸಿ ಗುಂಪು ಕಟ್ಟಲಿ. ಗುಂಪಿನಲ್ಲಿ ಹುಡುಗರು ಇರಬಾರದೆಂದೇನೂ ಇಲ್ಲ. ಪ್ರಾಜೆಕ್ಟನ್ನು ನಾಲ್ಕು ಮಾಡ್ಯೂಲ್ ಮಾಡಿ, ಒಂದೊಂದಕ್ಕೆ ಒಬ್ಬೊಬ್ಬರ ಹೆಸರು ಬರೆದು, ರಿಪೋರ್ಟಿನ ಅಧ್ಯಾಯಗಳನ್ನೂ ಹಾಗೆಯೇ ಹಂಚಿ, ಸಿನಾಪ್ಸಿಸ್ (ಪ್ರಾಜೆಕ್ಟಿನ ಸಾರಾಂಶ) ಜೊತೆಗೇ ಗೈಡ್ ಅವರ ಸಹಿ ಮಾಡಿಸಲಿ. ಕೋಡ್ ಅನ್ನು ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಇಟ್ಟರೆ ಯಾರು ಯಾವ ದಿನ ಏನು ಬರೆದರು ಎಂಬುದು ತಾನಾಗಿಯೇ ದಾಖಲಾಗುತ್ತದೆ, ಮುಂದೆ ಸಂದರ್ಶನದಲ್ಲಿಯೂ ಅದನ್ನೇ ತೋರಿಸಬಹುದು. ಪ್ರಾಕ್ಟಿಕಲ್‌ಗಳಲ್ಲಿ ವಾರಕ್ಕೊಬ್ಬರಂತೆ ಕೀಬೋರ್ಡಿನ ಮುಂದೆ ಕೂರುವ ಸರದಿ ಇರಲಿ ಎಂದು ಬ್ಯಾಚ್ ಟೀಚರ್ ಅವರನ್ನು ಕೇಳುವುದೂ ಅತಿಯೇನಲ್ಲ. ಇದರಿಂದ ಹಿಂದೆ ಕೂರುವ ಹುಡುಗರಿಗೂ ಲಾಭವಿದೆ, ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ ಬಂದು ಮರಾಠಿ ಮತ್ತು ಇಂಗ್ಲಿಷ್ ಎರಡರ ನಡುವೆ ಬಾಯಿ ಕಟ್ಟಿ ಕುಳಿತ ಮಕ್ಕಳಿಗಂತೂ ಇನ್ನೂ ಹೆಚ್ಚು. ರಜೆಯಲ್ಲಿ ಮನೆಯಿಂದಲೇ ಏನಾದರೂ ಮಾಡಬೇಕೆಂದಿದ್ದರೆ ಔಟ್‌ರೀಚಿ ಎಂಬ, ಗೌರವಧನ ಕೊಡುವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ) ಇಂಟರ್ನ್‌ಶಿಪ್ ಇದೆ. ತಮ್ಮ ಕ್ಷೇತ್ರದಲ್ಲಿ ಕಡಿಮೆ ಸಂಖ್ಯೆಯಲ್ಲಿರುವವರಿಗಾಗಿಯೇ ಅದನ್ನು ನಡೆಸುತ್ತಾರೆ. ಅದಕ್ಕೆ ಲ್ಯಾಬೂ ಬೇಡ, ರೆಕ್ಟರ್ ಸಹಿಯೂ ಬೇಡ.

ಎಂಬಿಎ ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಇಡೀ ಪ್ರೋಗ್ರಾಮನ್ನು ತಾನೇ ಬರೆದು, ಅದು ನಡೆಯುವಂತೆ ಮಾಡಿ, ಆಮೇಲೂ ಈ ಕೆಲಸದಲ್ಲಿ ಸಂತೋಷವಿಲ್ಲ ಎನಿಸಿದರೆ ಖಂಡಿತ ಹೋಗಲಿ. ಆ ಅವಕಾಶವೇ ಸಿಗದೆ ತೀರ್ಮಾನ ಮಾಡುವುದು ಅವಸರ. ನಿಮ್ಮ ಯಜಮಾನರಿಗೆ, ಪುಣೆಯಲ್ಲೇ ನಡೆದ, ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿಯೊಂದನ್ನು ನೆನಪಿಸಬಹುದು. ‘ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ’ ಎಂಬ ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಜಾಹೀರಾತನ್ನು ನೋಡಿ ಹುಬ್ಬಳ್ಳಿಯ ಸುಧಾ ಮೂರ್ತಿಯವರು 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದರು, ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಅವರು ಅಂದು ಹೊಂದಿಕೊಂಡಿದ್ದರೆ ಆ ಕಾರ್ಡ್ ಬರೆಯುತ್ತಿರಲಿಲ್ಲ.

ಚಿಕ್ಕ ಮಗಳ ವಿಚಾರದಲ್ಲಿ ನನ್ನ ಅಭಿಪ್ರಾಯ ನೇರವಾಗಿದೆ. ಹುಡುಗಿಯರ ಎಂಜಿನಿಯರಿಂಗ್ ಕಾಲೇಜು ಎರಡನೆಯ ದರ್ಜೆಯ ಆಯ್ಕೆ ಅಲ್ಲ. ಮಹರ್ಷಿ ಕರ್ವೆಯವರ ಸಂಸ್ಥೆ 1991ರಲ್ಲಿ ಪುಣೆಯ ಕರ್ವೆನಗರದಲ್ಲಿ ಆರಂಭಿಸಿದ ಕಮಿನ್ಸ್ ಕಾಲೇಜು, ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಉಷಾ ಮಿತ್ತಲ್ ತಂತ್ರಜ್ಞಾನ ಸಂಸ್ಥೆ ನಿಮಗೆ ಹತ್ತಿರದವು. ಅಲ್ಲಿ ಬೆಸುಗೆ ಹಾಕುವವಳೂ, ಸರ್ವರ್ ನೋಡಿಕೊಳ್ಳುವವಳೂ, ತಂಡದ ನಾಯಕಿಯೂ ಹುಡುಗಿಯೇ ಆಗಬೇಕು, ಬೇರೆ ದಾರಿಯಿಲ್ಲ. ಮುಂದೆ ಗಂಡಸರೊಡನೆ ಕೆಲಸ ಮಾಡಲು ಕಷ್ಟವಾಗುತ್ತದೆ ಎಂಬ ಆತಂಕಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಕೆಲಸ ಗೊತ್ತಿದ್ದವಳಿಗೆ ಅದು ಕೆಲವು ತಿಂಗಳ ಮಾತು. ಆದರೆ ಕೇವಲ ಹುಡುಗಿಯರ ಕಾಲೇಜು ಎಂಬ ಕಾರಣಕ್ಕೆ, ಬಯಸಿದ ಶಾಖೆ ಬಿಟ್ಟು ಬೇರೊಂದಕ್ಕೆ ಸೇರಿಸಬೇಡಿ.

ಹಣದ ವಿಚಾರವನ್ನೂ ಈಗಲೇ ನೋಡಿಕೊಳ್ಳಿ. 2024-25ರಿಂದ ಮಹಾರಾಷ್ಟ್ರ ಸರ್ಕಾರವು ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರುವ ಒಬಿಸಿ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು) ಮತ್ತು ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರು) ವರ್ಗದ ಹುಡುಗಿಯರಿಗೆ, ಕ್ಯಾಪ್ ಮೂಲಕ ವೃತ್ತಿಪರ ಕೋರ್ಸ್ ಸೇರಿದರೆ, ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ, ಒಂದು ಕುಟುಂಬದ ಇಬ್ಬರು ಹುಡುಗಿಯರ ತನಕ ಸಿಗುತ್ತದೆ, ಅದಕ್ಕೂ ಆದಾಯದ ಮಿತಿ 8 ಲಕ್ಷವೇ. ಕರ್ನಾಟಕದ ಜಾತಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ, ಮಹಾರಾಷ್ಟ್ರದ ಪ್ರಮಾಣಪತ್ರ, ಡೊಮಿಸೈಲ್, ಆದಾಯದ ದಾಖಲೆ ಎಲ್ಲವನ್ನೂ ಸಿಇಟಿ ಫಲಿತಾಂಶಕ್ಕೆ ಮೊದಲೇ ಮಾಡಿಸಿಡಿ.

ಯಾವ ಕಾಲೇಜಾದರೂ ಸರಿ, ಆಪ್ಷನ್ ಫಾರ್ಮ್ ತುಂಬುವ ಮೊದಲು ಒಂದು ದಿನ ಅಲ್ಲಿಗೆ ಹೋಗಿ, ಪ್ರಾಚಾರ್ಯರ ಕೋಣೆಗಿಂತ ಮೊದಲು ಹುಡುಗಿಯರ ಹಾಸ್ಟೆಲ್‌ನತ್ತ ನಡೆಯಿರಿ. ಲ್ಯಾಬ್ ಭಾನುವಾರ ತೆರೆದಿರುತ್ತದೆಯೇ, ಹುಡುಗರ ಹಾಸ್ಟೆಲ್ಲಿನ ಸಮಯ ಎಷ್ಟು, ಹುಡುಗಿಯರದ್ದು ಎಷ್ಟು, ಕಳೆದ ವರ್ಷ ರೊಬೊಟಿಕ್ಸ್ ಮತ್ತು ಕೋಡಿಂಗ್ ಕ್ಲಬ್ಬಿನ ಮುಖ್ಯಸ್ಥರು ಯಾರಾಗಿದ್ದರು, ವರ್ಕ್‌ಶಾಪ್ ಇರುವ ಕಟ್ಟಡದಲ್ಲಿ ಹುಡುಗಿಯರ ಶೌಚಾಲಯ ಯಾವ ಮಹಡಿಯಲ್ಲಿದೆ, ಆಂತರಿಕ ಸಮಿತಿಯ ಸದಸ್ಯರ ಹೆಸರುಗಳು ಗೋಡೆಯ ಮೇಲೆ ಎಲ್ಲಿಯಾದರೂ ಇವೆಯೇ ಎಂದು ಅಲ್ಲಿನ ಕೊನೆಯ ವರ್ಷದ ಹುಡುಗಿಯರನ್ನು ಕೇಳಿ. ದೊಡ್ಡ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ನಿಮಗೆ ಹೊಳೆಯದ ಇನ್ನೂ ನಾಲ್ಕು ಪ್ರಶ್ನೆಗಳು ಅವಳಲ್ಲಿರುತ್ತವೆ.